ಜವರಪ್ಪ ಮುಳುಗಿಸದ ಹಡಗು

ಬೆಳಕು ಹರಿಯುವ ಹೊತ್ತಿಗೆ ಮಾದಾಪುರದ ಎಸ್ಟೇಟಿನಲ್ಲಿ ಜವರಪ್ಪ ಪಲ್ಪರ್ ಎಂಜಿನ್ನಿಗೆ ಕಿವಿಗೊಟ್ಟು ನಿಂತಿದ್ದಾನೆ. ಕೊಯ್ಲಿನ ದಿನಗಳಲ್ಲಿ ನೂರಿಪ್ಪತ್ತು ಮೂಟೆ ಕಾಫಿ ಹಣ್ಣು ಇಲ್ಲಿ ಸಿಪ್ಪೆ ಕಳಚುತ್ತದೆ. ಏಳು ವರ್ಷಗಳಲ್ಲಿ ಎಂಜಿನ್ ಕೂಡ ಅವನನ್ನು ಕಾಡಿಲ್ಲ, ಹಬ್ಬದ ಒಂದು ಹಾಡು ಕಾಡಿದಷ್ಟು.

ಸುಗ್ಗಿಹಬ್ಬ ಹುತ್ತರಿಯಲ್ಲಿ ದುಡಿ ಬಡಿಯುತ್ತ ಮನೆಮನೆಗೆ ಹೋಗಿ ಯಜಮಾನನನ್ನು ಹೊಗಳುವ ತಂಡಕ್ಕೆ ಕೂಲಿ ಬೊಮ್ಮನೇ ಮುಂದಾಳು. ಜಪಾನಿನ ಯುದ್ಧನೌಕೆಯನ್ನು ಜವರಪ್ಪ ಮುಳುಗಿಸಿದನೆಂಬ ಅವನ ಹಾಡಿಗೆ ಈ ಸೀಮೆಯಲ್ಲಿ ಎರಡು ಪಾಠಗಳಿವೆ: ಒಂದರಲ್ಲಿ ಕೋವಿಯಿಂದ, ಇನ್ನೊಂದರಲ್ಲಿ ಒಡಿಕತ್ತಿಯಿಂದ.

ಹಣ್ಣಿನ ಬುಟ್ಟಿ ಸುರಿದ ಬೊಮ್ಮನ ಮೇಲೆ ಜವರಪ್ಪ ರೇಗುತ್ತಾನೆ. "ಎಷ್ಟು ಸಲ ಬಡ್ಕೊಳ್ಳಲೋ ಬೊಮ್ಮ? ಮುಳುಗ್ಸಿದ್ದು ಅವ್ರು. ಮುಳುಗಿದ್ದು ನಾನು!"

"ಹೋದ್ವರ್ಷ ಒಂದೇ ಹಡಗಿತ್ತು. ಈ ಸಲ ಮೂರು ಮಾಡಿದೀನಿ, ಜವರಪ್ಪಣ್ಣ. ಸಾಲ್ದಾ?"

ಶಿರಂಗಾಲದ ಜವರಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕುಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ನಲವತ್ತೆರಡರಲ್ಲಿ ಬಂಗಾಳಕೊಲ್ಲಿಯಲ್ಲಿ 'ಹಮಗುಮೊ' ಎಂಬ ಜಪಾನಿ ನೌಕೆ ಅದನ್ನು ಹೊಡೆದು ಮುಳುಗಿಸಿತು. ಆಮೇಲೆ ಅದೇ ನೌಕೆ ಹಗ್ಗ ಎಸೆಯಿತು. "ಎತ್ಕೊಂಡೋನು ನನ್ನ ಮುಂಗೈನ ಸುಟ್ಟ ಕಲೆ ನೋಡ್ದ. ತನ್ನ ತೋಳು ತೋರ್ಸ್ದ. ಅಂಥವೇ ಕಲೆ. ಅವ್ನೂ ಬಾಯ್ಲರಿನೋನು. ತನ್ನ ಪಾಲಿನ ಗಂಜಿ ಕೊಟ್ಟ."

ಮಲಯದ ಪೆನಾಂಗ್ ಬಂದರಿನಲ್ಲಿ ಸೆರೆಯಾಳಾಗಿ ಮೂಟೆ ಹೊರುವಾಗ ಜವರಪ್ಪ ಆ ನೌಕೆಯನ್ನು ಮತ್ತೆ ಮೂರು ಸಲ ಕಂಡ: ಹೊಸ ಬಣ್ಣದಲ್ಲಿ, ಹೊಗೆಕೊಳವೆ ತೂತಾಗಿ, ಮೂತಿ ಮುರಿದು. ನಲವತ್ತನಾಲ್ಕರಲ್ಲಿ ಹೊರಟದ್ದು ಮರಳಲಿಲ್ಲ. ಒಬ್ಬರೂ ಉಳಿಯಲಿಲ್ಲವೆಂದು ಕಾವಲುಗಾರ ಹೇಳಿದ.

"ಅನ್ನ ಹಾಕ್ದೋನ್ನ ನಾನೇ ಕೊಂದೆ ಅಂತ ನನ್ನ ಬಾಗ್ಲಲ್ಲೇ ಹಾಡ್ತೀರಲ್ಲೋ! ಈ ಹುತ್ತರಿಗೆ ಬಾಗ್ಲೇ ತೆಗೆಯಲ್ಲ."

ಬುತ್ತಿ ತಂದ ಹೆಂಡತಿ ಯಮುನ ಹಣೆ ಚಚ್ಚಿಕೊಳ್ಳುತ್ತಾಳೆ. "ಇಡೀ ಕೂಲಿ ಲೈನಿನ ಮನೆಗಳ್ನೆಲ್ಲಾ ಹರಸ್ತಾರೆ. ನಮ್ದೊಂದೇ ಮೂಕ ಆಗ್ಬೇಕಾ? ನೀನಾದ್ರೂ ತಿದ್ಕೊಳೋ ಬೊಮ್ಮ!"

"ಹೊಗಳಿಕೆಗೆ ಹೆಸ್ರು ಬೇಕಲ್ಲಕ್ಕಾ. ಆ ಗಂಜಿ ಕೊಟ್ಟೋನ ಹೆಸ್ರೇನು?"

ಜವರಪ್ಪನ ಸಿಟ್ಟು ಅಲ್ಲಿಗೇ ನಿಲ್ಲುತ್ತದೆ. ಹೆಸರು ಅವನು ಕೇಳಿರಲಿಲ್ಲ.

"ಹಡಗಿನ ಹೆಸ್ರೈತಲ್ಲ," ಎನ್ನುತ್ತಾನೆ ಕೊನೆಗೆ. "ನನ್ನ ಹೊಗಳೋದು ಬ್ಯಾಡ. ಹಮಗುಮೊ ಎತ್ಕೊಂಡ್ತು ಅನ್ನು, ಸಾಕು. ಬಾಗ್ಲು ತೆಗೀತೀನಿ."

ಬೊಮ್ಮ ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ದುಡಿಯಂತೆ ಬೆರಳಾಡಿಸುತ್ತಾನೆ. ಹ-ಮ-ಗು-ಮೊ. ಒಂದೊಂದು ಅಕ್ಷರಕ್ಕೂ ಒಂದೊಂದು ಪೆಟ್ಟು ಕೂರುತ್ತದೆ.

"ಒಂದೇ ಹಡಗಾ, ಅಣ್ಣ?"

"ಒಂದೇ ಕಣೋ."