ಹಿಂದಿನ ಸಾಲಿನ ವಯೋಲಾ

ಮೊನ್ನೆ ಬೇಗಂ ಬಜಾರಿನ ಕಿರಾಣಿ ಅಂಗಡಿಯಲ್ಲಿ ಜೀರಿಗೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಪಕ್ಕದಲ್ಲಿ ಯಾರಿಗೋ ರಾಳ ತೂಗಿಕೊಡುತ್ತಿದ್ದರು. ಅದರ ಪುಡಿ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಮಕ್ಕಳ ತಾಯಿ ಎಂಬುದೇ ಮರೆತುಹೋಯಿತು. ಕಮಾನಿಗೆ ರಾಳ ತಿಕ್ಕುತ್ತ, ಸೀನುತ್ತ, ಶಾಲೆಯ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯಾಗಿಬಿಟ್ಟೆ.

ನನ್ನ ವಾದ್ಯ ವಯೋಲಾ. ಹಾಗೆಂದರೇನು ಎಂದು ನೀವು ಕೇಳಿದರೆ ತಪ್ಪಿಲ್ಲ. ನಮ್ಮ ಅವ್ವ ಇವತ್ತಿಗೂ ಅದನ್ನು ಪಿಟೀಲು ಎನ್ನುತ್ತಾಳೆ. ಪಿಟೀಲಿಗೊಬ್ಬಳು ದಪ್ಪ ಅಕ್ಕನಿದ್ದು, ಅವಳಿಗೆ ಸದಾ ನೆಗಡಿಯಾಗಿದ್ದರೆ ಹೇಗಿರುತ್ತದೋ ಹಾಗೆ ಅದರ ದನಿ. ಆಗ ಊರಿನ ಆ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಅಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದು ನಾಚಾರಂನ ನಮ್ಮ ಹೈಸ್ಕೂಲಿಗೆ ತಂತಿವಾದ್ಯಗಳನ್ನು ದಾನ ಕೊಟ್ಟಿತ್ತು. ಪಿಟೀಲುಗಳೆಲ್ಲ ಮೊದಲೇ ಪಾಠವಾಗಿದ್ದ ಮಕ್ಕಳ ಪಾಲಾದವು. ತಡವಾಗಿ ಹೋದ ನನಗೆ ಉಳಿದದ್ದು ಈ ಅಕ್ಕ.

ಕಲಿಸಲು ಬಂದವರು ಗ್ರೇಸ್ ಮಿಸ್. ಸಿಕಂದರಾಬಾದಿನ ಚರ್ಚಿನಲ್ಲಿ ನುಡಿಸುತ್ತಿದ್ದ ಗಿಡ್ಡ ಹೆಂಗಸು. ಸಿಟ್ಟು ಬಂದರೆ ತೆಲುಗು, ಮುದ್ದು ಬಂದರೆ ಹಿಂದಿ. ನನ್ನ ಬೆರಳುಗಳು ಉಳಿದವರ ಹಿಂದೆ ಏದುಸಿರು ಬಿಡುತ್ತ ಓಡುವುದನ್ನು ಕೆಲವು ವಾರ ನೋಡಿದರು. ಬೇರೆಯವರಾಗಿದ್ದರೆ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಮಿಸ್ ನನಗೆಂದೇ ಒಂದು ಪಾಲು ಹೆಣೆದರು. ಹಾಡಿನುದ್ದಕ್ಕೂ ಒಂದೇ ಸ್ವರ.

"ಯೇ ತೇರಾ ಹೈ, ಬೇಟಾ," ಎಂದರು. "ಉಳಿದವರು ಎಲ್ಲೆಲ್ಲೋ ತಿರುಗಲಿ. ಈ ಸ್ವರ ನಿನ್ನದು, ಇದೇ ನಿನ್ನ ಮನೆ, ನೀನು ಬಿಟ್ಟು ಕದಲಬೇಡ."

ಮನೆಯಲ್ಲಿ ಸಾಧನೆ ಶುರುವಾಯಿತು. ಅವ್ವ ಒಲೆಯ ಮುಂದಿನಿಂದ ಕೂಗಿದಳು: "ಏನ ಬೇ ಅದು, ಎಣ್ಣಿ ಕಾಣದ ಗಾಲಿಗತೆ ಒಂದ ಸವನ ಕುಯ್‌ಗುಡಾಕತ್ತೈತಿ! ಬ್ಯಾರೆ ಏನೂ ಕಲಿಸಂಗಿಲ್ಲೇನು ನಿಮ್ಮ ಟೀಚರು?"

ಅಪ್ಪ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ದಿನವಿಡೀ ನಿಂತು ಬಂದವನು. ಆಳಂದದ ಕಡೆಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದವನು, ಭಜನೆಯ ಹುಚ್ಚಿನವನು. "ಹಿಡದದ್ದು ಬಿಡವಲ್ಲಳು, ಅಷ್ಟರೆ ಐತಲ್ಲ," ಎಂದು ನಕ್ಕ.

ಕಂಪನಿಯ ಹೊಸ ಕಟ್ಟಡದ ಉದ್ಘಾಟನೆಗೆ ನಮ್ಮನ್ನು ಕರೆದರು. ಮುಂಚಿತವಾಗಿ ನಮ್ಮ ತಾಲೀಮು ನೋಡಲು ಅಲ್ಲಿನ ಅಧಿಕಾರಿಯೊಬ್ಬರು ಬಂದರು. ಕೇಳಿ ಮುಗಿದ ಮೇಲೆ ಮಿಸ್‌ಗೆ, "ವೇದಿಕೆ ಚಿಕ್ಕದು. ಮುಂದಿನ ಸಾಲಿನವರು ಬಂದರೆ ಸಾಕು," ಎಂದರು. ಹಿಂದಿನ ಸಾಲಿನವರೆಂದರೆ ನಾವು, ಕಚ್ಚಾ ಮಾಲು.

ಮಿಸ್ ಪಿಟೀಲನ್ನು ಮೇಜಿನ ಮೇಲಿಟ್ಟರು. "ಹಾಗಾದರೆ ಕುರ್ಚಿ ತೆಗೆಸಿ. ನನ್ನ ಮಕ್ಕಳು ನಿಂತು ನುಡಿಸುತ್ತಾರೆ."

"ವಾದ್ಯ ಕೊಟ್ಟವರು ನಾವು, ಮೇಡಂ."

"ಇವತ್ತೇ ಒಯ್ಯಿರಿ. ಬಂದರೆ ಎಲ್ಲರೂ ಬರುತ್ತೇವೆ."

ನಾನು ವಯೋಲಾವನ್ನು ಎದೆಗವಚಿಕೊಂಡೆ. ಅವರು ಎಲ್ಲಿ ನಿಜವಾಗಿ ಒಯ್ದುಬಿಡುತ್ತಾರೋ ಎಂಬ ಭಯ. ಅಧಿಕಾರಿ ನಮ್ಮೆಲ್ಲರ ಮುಖ ನೋಡಿ, ಕೊನೆಗೆ, "ಸರಿ, ನಿಂತೇ ನುಡಿಸಿ," ಎಂದು ಹೊರಟುಹೋದರು.

ಉದ್ಘಾಟನೆಯ ಬೆಳಿಗ್ಗೆ ನಾವು ಭುಜಕ್ಕೆ ಭುಜ ತಾಗಿಸಿ ನಿಂತೆವು. ಅಪ್ಪ ರಜೆ ಹಾಕಿ ಬಂದು ಗೋಡೆಗಂಟಿ ನಿಂತಿದ್ದ. ಹಾಡು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಯಾರೋ ದೊಡ್ಡ ಬಾಗಿಲು ತೆರೆದರು. ನುಗ್ಗಿದ ಗಾಳಿಗೆ ಮುಂದಿನವರ ಸ್ವರದ ಹಾಳೆಗಳು ಹಾರಿ ಅತಿಥಿಗಳ ಕಾಲ ಬಳಿ ಬಿದ್ದವು. ಪಿಟೀಲುಗಳು ತಡವರಿಸಿ, ಒಂದೊಂದಾಗಿ ನಿಂತವು. ನನ್ನ ಸಾಲಿನವರೂ ಸೇರಿ ಎಲ್ಲರೂ ನುಡಿಸುವುದನ್ನು ನಿಲ್ಲಿಸಿದ್ದೂ ಹಾಡಿನ ಭಾಗವೇ ಇರಬೇಕೆಂದು ನಾನು ತಿಳಿದೆ. ನನ್ನ ಪಾಡಿಗೆ ನನ್ನ ಸ್ವರ ಎಳೆಯುತ್ತಲೇ ಇದ್ದೆ.

ಮಿಸ್ ಮುಖದಲ್ಲಿ ಗಾಬರಿಯ ಗೆರೆಯೂ ಇರಲಿಲ್ಲ. ಒಂದು ಕೈಯನ್ನು ನನ್ನತ್ತ ಚಾಚಿ, ಹಾಗೇ ಇರು ಎಂದು ಹಿಡಿದರು. ಇನ್ನೊಂದು ಕೈಯಿಂದ ಮುಂದಿನ ಸಾಲನ್ನು ಕರೆಯುತ್ತ, ಆ ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಪಿಟೀಲುಗಳ ರಾಗವನ್ನು ತಾವೇ ಹಾಡಿದರು. ಒಂದು ಪಿಟೀಲು ಹಿಡಿಯಿತು, ಮತ್ತೊಂದು ಸೇರಿತು. ಹಾಳೆಯ ಹಂಗಿಲ್ಲದೆ ಕೊನೆಯವರೆಗೂ ನುಡಿಸಿದೆವು.

"ಎಲ್ಲಾರದೂ ನಿಂತಾಗ ನಿಂದೊಂದ ದನಿ ಕೇಳಾಕತ್ತಿತ್ತು ನೋಡವಾ," ಎಂದ ಅಪ್ಪ. ಆಮೇಲೆ ಮಿಸ್ ಹತ್ತಿರ ಹೋಗಿ, "ಮೇಡಂರೀ, ಭಾಳ ಛಲೋ ಆತ್ರಿ," ಎಂದು ಕನ್ನಡದಲ್ಲೇ ಹೇಳಿ ಕೈಮುಗಿದ. ಅವರಿಗೆ ಕನ್ನಡ ಬಾರದೆಂಬುದು ಅವನಿಗೆ ಹೊಳೆಯಲೇ ಇಲ್ಲ. ಮಿಸ್ ಅವನ ಎರಡೂ ಕೈ ಹಿಡಿದುಕೊಂಡು ತೆಲುಗಿನಲ್ಲಿ ಏನೋ ಹೇಳಿದರು. ಸಿಟ್ಟಿಲ್ಲದೆ ಅವರು ತೆಲುಗು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಜೀರಿಗೆಯ ಪೊಟ್ಟಣ ಹಿಡಿದು ಮನೆಗೆ ಬಂದವಳೇ ಹಳೆಯ ಗೆಳತಿಯರನ್ನು ಕೇಳಿ ಮಿಸ್ ಇರುವ ಜಾಗ ಹುಡುಕಿದೆ. ಈಗಲೂ ಶನಿವಾರ ದೊಡ್ಡವರಿಗೆ ಕಲಿಸುತ್ತಾರಂತೆ. ಈಗ ನಾನಿರುವ ಮಣಿಕೊಂಡದಿಂದ ಊರು ದಾಟಿ ಹೋದೆ. ಎರವಲು ವಯೋಲಾ ಕೈಗೆ ಬಂತು, ಬೆರಳುಗಳು ಬಲಿತ ಬೆಂಡೆಕಾಯಿಯಂತೆ ಬಿರುಸಾಗಿದ್ದವು. ಮಿಸ್‌ಗೆ ಈಗ ಕಿವಿ ಅಷ್ಟಾಗಿ ಕೇಳುವುದಿಲ್ಲ. ಅವರು ಹತ್ತಿರ ಬಂದು, ನಾನು ಅದೇ ಹಳೆಯ ಸ್ವರ ಎಳೆಯುತ್ತಿದ್ದ ವಾದ್ಯದ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಥೋಡಾ ನೀಚೆ," ಎಂದರು.

ಬೆರಳು ಸರಿಸಿ ಸ್ವರವನ್ನು ಕೊಂಚ ಕೆಳಗಿಳಿಸಿದೆ. ಅವರ ಅಂಗೈಯಡಿ ವಾದ್ಯದ ಮರ ನಡುಗಿತು.

"ಹಾಂ," ಎಂದರು, ಕೈ ತೆಗೆಯದೆ.