ಮೋಡದ ಮೇಲೆ ನನ್ನ ಮೊಗ

ಅಂತರಸನಹಳ್ಳಿಯ ಫ್ಯಾಕ್ಟರಿಗಳ ಎದುರು ನನ್ನ ಮುದ್ದೆ ಹೋಟೆಲ್ ಶುರುವಾಗುವ ಹಿಂದಿನ ದಿನ ಮಗನಿಗೂ ನನಗೂ ಜಗಳ. ಅಲ್ಲಿಯವರೆಗೆ ಬುಟ್ಟಿಯಲ್ಲಿ ಮುದ್ದೆ ಹೊತ್ತು ತಂದು ಗೇಟಿನ ಪಕ್ಕ ಕೂತು ಮಾರುತ್ತಿದ್ದೆ. ಈಗ ತಗಡಿನ ಶೀಟು, ಬೆಂಚು, ನಲ್ಲಿ ಎಲ್ಲ ಆಗಿತ್ತು. ಬೋರ್ಡಿಗೆ ಬಿಳಿ ಟೋಪಿ ಹಾಕಿದ ಮೀಸೆ ಭಟ್ಟನ ಚಿತ್ರ ಇರಲಿ ಅಂದ ಮಗ.

"ಗಂಡಸಿನ ಫೋಟೋ ಇದ್ರೇನೇ ಹೋಟ್ಲಿಗೆ ಗತ್ತು ಕಣವ್ವ."

"ಅವ್ನು ಬಂದು ಮುದ್ದೆ ಕಟ್ತಾನೇನ್ಲಾ? ನನ್ ಮೊಗಾನೇ ಹಾಕ್ಸು."

ಗೊಣಗಿಕೊಂಡೇ ನನ್ನದೊಂದು ಫೋಟೋ ಫ್ಲೆಕ್ಸ್ ಅಂಗಡಿಗೆ ಕಳಿಸಿದ. ನನಗೋ ಕಾಲು ನೆಲದ ಮೇಲೆ ನಿಲ್ಲದು. ಹುಟ್ಟುಹಬ್ಬ ಅಂತ ನಮ್ಮ ಬೀದಿಯ ಕೆಲಸವಿಲ್ಲದ ಹುಡುಗರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಫ್ಲೆಕ್ಸ್ ಹತ್ತುತ್ತಾರೆ. ಬೇಯಿಸಿ ಹಾಕುವ ನಾನು ಯಾಕೆ ಹತ್ತಬಾರದು?

ಬೆಳಿಗ್ಗೆ ಫ್ಲೆಕ್ಸ್ ಕಟ್ಟಿದರು. ಅಂಗಡಿಯವನು ಮೊಗಕ್ಕೆ ಮೈದಾ ಬಳಿದ ಹಾಗೆ ಬೆಳ್ಳಗೆ ಮಾಡಿದ್ದ. ಹಿಂದೆ ಮೋಡ, ಕೆಳಗೆ ಕಮಲ. ನನಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. 'ಅಜ್ಜಿ ಮುದ್ದೆ ಊಟ' ಅಂತ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಊಟದ ಬೆಲ್ ಆಯಿತು. ಜನ ಬೈಕ್ ನಿಧಾನ ಮಾಡುತ್ತಾರೆ, ನೋಡುತ್ತಾರೆ, ತಲೆ ತಗ್ಗಿಸಿ ಹೋಗುತ್ತಾರೆ. ಒಬ್ಬನೂ ಒಳಗೆ ಬರಲಿಲ್ಲ. ಮುದ್ದೆ ಆರುತ್ತಿತ್ತು. ದಿನಾ ನನ್ನ ಹತ್ತಿರ ಉಣ್ಣುವ ಲಾರಿ ಡ್ರೈವರ್ ಕೊನೆಗೆ ಬಂದ. ಕೈಯಲ್ಲಿ ಸೇವಂತಿಗೆ ಹಾರ. ಸೌಟು ಹಿಡಿದ ನನ್ನನ್ನು ಕಂಡು ಎರಡು ಹೆಜ್ಜೆ ಹಿಂದಕ್ಕೆ ಹೋದ.

"ಅಜ್ಜೀ, ಇದೀಯಾ ನೀನು?"

"ಇಲ್ದೆ ಎಲ್ಲಿಗ್ ಹೋಗ್ಲಿ?"

"ಮೋಡ ಕಂಡೆ, ನಿನ್ ಮೊಗ ಕಂಡೆ. ಹೋಗ್ಬುಟ್ಳು ಅನ್ಕಂಡೆ. ಅಕ್ಷರ ಯಾರ್ ಓದ್ತಾರೆ?"

ನಮ್ಮ ಕಡೆ ಗಂಡಸಿನ ಮೊಗ ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಹತ್ತುತ್ತದೆ, ಎಲೆಕ್ಷನ್ನಿಗೂ ಹತ್ತುತ್ತದೆ. ಮುದುಕಿಯದು ಹತ್ತುವುದು ಸತ್ತಾಗ. ಫ್ಲೆಕ್ಸ್ ಅಂಗಡಿಯವನಿಗೆ ಫೋನ್ ಮಾಡಿ ಬೈದೆ. "ವಯಸ್ಸಾದ ಹೆಂಗಸ್ರಿಗೆ ನಮ್ಮತ್ರ ಇರೋದು ಅದೊಂದೇ ಡಿಸೈನ್ ಅಜ್ಜಿ" ಅಂದ.

ಡ್ರೈವರ್ ರಸ್ತೆಗೆ ಹೋಗಿ ಕೂಗಿದ. "ಬರ್ರೋ, ಅಜ್ಜಿ ಬದ್ಕವ್ಳೆ. ತಿಥಿ ಊಟ ಅವ್ಳೇ ಬಡಿಸ್ತಾವ್ಳೆ." ನಗುತ್ತಾ ಬಂದು ಬೆಂಚು ತುಂಬಿದರು. ಹಾರವನ್ನು ಮುದ್ದೆ ಕೋಲಿಗೆ ಹಾಕಿದೆ.

ಮಗನ ಮುಖ ಸಣ್ಣದಾಗಿತ್ತು. "ಇಳ್ಸಿ ಮೀಸೆಯವನ್ನೇ ಹಾಕ್ಸಣ ಬುಡವ್ವ."

"ಮೋಡ ಇಳ್ಸು. ನನ್ನಲ್ಲ. ಫೋನ್ ತೆಗಿ."

ಅಲ್ಲೇ, ಒಲೆ ಮುಂದೆ, ಬೆವರು ಸುರಿಯುವಾಗಲೇ ಫೋಟೋ ತೆಗೆಸಿದೆ. ಕೈಯಲ್ಲಿ ಮುದ್ದೆ ಕೋಲು, ಬಾಯಿ ತೆರೆದಿದೆ. ಬೆಳ್ಳಗೆ ಮಾಡಿದರೆ ಫ್ಲೆಕ್ಸನ್ನು ಒಲೆಗೆ ಹಾಕುತ್ತೇನೆ ಅಂತ ಅಂಗಡಿಯವನಿಗೆ ಹೇಳಿ ಕಳಿಸಿದೆ. ಮಾಡಲಿಲ್ಲ. ನಾನಿರುವಷ್ಟೇ ಕಪ್ಪಗೆ, ರಸ್ತೆಯ ಆಚೆ ಬದಿಗೂ ಕಾಣುವ ಹಾಗೆ ನಿಂತಿದ್ದೇನೆ ಈಗ.

ಮೊನ್ನೆ ಹೊಸ ಹುಡುಗಿಯೊಬ್ಬಳು ಫ್ಯಾಕ್ಟರಿಯಿಂದ ಬಂದು ಕೇಳಿದಳು, "ಫೋಟೋದಲ್ಲಿ ಯಾರಿಗ್ ಬೈತಿದೀಯಜ್ಜಿ?"

"ನಿನ್ಗೇ ಕಣೇ. ಕೈ ತೊಳ್ಕೊಂಡ್ ಬಾ."