ಪಿಂಗಾಣಿ ಕಪ್ಪಿನ ಕಾಫಿ

ರಾಜಾಜಿನಗರದ ನಮ್ಮ ಆಫೀಸಿನಲ್ಲಿ ಒಬ್ಬ ಅಟೆಂಡರ್ ಇದ್ದರು. ಸಾಹೇಬರಿಗೆ ಪಿಂಗಾಣಿ ಕಪ್ಪಿನಲ್ಲಿ, ನಮ್ಮಂಥ ಗುಮಾಸ್ತರಿಗೆ ಗಾಜಿನ ಲೋಟದಲ್ಲಿ ಕಾಫಿ ಕೊಟ್ಟು, ತಾವು ಮೆಟ್ಟಿಲ ಹತ್ತಿರ ನಿಂತು ಪೇಪರ್ ಕಪ್ಪಿನಲ್ಲಿ ಕುಡಿಯುತ್ತಿದ್ದರು. ಒಳಗೆ ಬನ್ನಿ ಎಂದರೆ, "ನಂಗಿಲ್ಲೇ ಸರಿ ಸಾರ್" ಎಂದು ಗೋಡೆಗೆ ಇನ್ನಷ್ಟು ಒರಗುತ್ತಿದ್ದರು.

ನಿವೃತ್ತರಾದ ದಿನ ಅವರಿಗೆ ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿದೆವು. ನಾನೇ ಸಾಹೇಬರ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಪೂರ್ತಿ ಕುಡಿದರು. "ಚೆನ್ನಾಗೈತೆ ಸಾರ್" ಎಂದು ನಕ್ಕರು.

ಅಷ್ಟರಲ್ಲಿ ಸಾಹೇಬರು ಹೊಸ ಅಟೆಂಡರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಅದು ನನ್ ಕಪ್ ಕಣಯ್ಯ, ಬಿಸಿನೀರಲ್ಲಿ ಚೆನ್ನಾಗಿ ತೊಳಿ."

ಅವರ ನಗು ಅಲ್ಲೇ ಇಂಗಿತು. "ನಾನೇ ತೊಳೀತೀನಿ ಬಿಡಿ ಸಾರ್" ಎಂದು ಎದ್ದು, ಕೊರಳಲ್ಲಿ ಹಾರವಿದ್ದಂತೆಯೇ ನಲ್ಲಿಯ ಕಡೆ ನಡೆದರು. ನಾವ್ಯಾರೂ ತಡೆಯಲಿಲ್ಲ.